ಜಗಲಿಯ ತಟ್ಟೆ

ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಸಂಜೆಯ ಹೊತ್ತು ಹತ್ತಾರು ವಾಸನೆಗಳು ಏಳುತ್ತವೆ. ಮೂಲೆ ಅಂಗಡಿಯ ಬೋಂಡಾ ಎಣ್ಣೆ, ಎದುರು ಮನೆಯವರ ಬಿರಿಯಾನಿ, ಮೋರಿ, ಊದಿನಕಡ್ಡಿ. ಇವೆಲ್ಲದರ ನಡುವೆ ಅಪರೂಪಕ್ಕೆ ಯಾರ ಮನೆಯಿಂದಲೋ ರಾಗಿ ಹಿಟ್ಟು ಬೇಯುವ ವಾಸನೆ, ಅದರಲ್ಲೂ ತಳ ತುಸು ಸೀದ ವಾಸನೆ ಬಂತೋ, ನನ್ನ ಕಥೆ ಮುಗಿಯಿತು. ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತದೆ. "ಏನಾಯ್ತೇ, ಯಾಕ್ ಹಂಗ್ ನಿಂತ್ಬಿಟ್ಟೆ?" ಅಂತ ಗಂಡ ಕೇಳಿದರೆ ಏನು ಹೇಳುವುದು? ಇಲ್ಲದ ಮನೆಯ ಬಾಗಿಲಲ್ಲಿ ನಿಂತಿದ್ದೇನೆ ಅಂತ ಹೇಳಲೇ? ಸುಮ್ಮನೆ "ಏನಿಲ್ಲ" ಅಂದು ಒಳಗೆ ಹೋಗುತ್ತೇನೆ.

ಆ ಮನೆ ಇದ್ದದ್ದು ಜಕ್ಕೂರಿನ ಆಚೆ, ಯಲಹಂಕಕ್ಕೆ ಈಚೆ. ಈಗ ಎಲ್ಲರೂ ಏರ್‌ಪೋರ್ಟ್ ರಸ್ತೆ ಅನ್ನುವ ಬಳ್ಳಾರಿ ರಸ್ತೆಯಿಂದ ಒಳಕ್ಕೆ ಹೋದರೆ ನಮ್ಮ ಊರು. ನಾಡಹೆಂಚಿನ ಮನೆ, ಹಿತ್ತಲಲ್ಲಿ ಎಮ್ಮೆ, ಮುಂದುಗಡೆ ಉದ್ದನೆಯ ಕಲ್ಲು ಜಗಲಿ. ಬೇಸಿಗೆಯಲ್ಲಿ ಆ ಕಲ್ಲು ಮಧ್ಯಾಹ್ನದ ಬಿಸಿಲನ್ನೆಲ್ಲ ಕುಡಿದು ಸಂಜೆಯಾದರೂ ಬಿಡುತ್ತಿರಲಿಲ್ಲ, ಲಂಗದ ಮೂಲಕ ತೊಡೆಗೆ ಬಿಸಿ ತಾಕುತ್ತಿತ್ತು. ಮಳೆ ಬಿದ್ದ ಮೊದಲ ದಿನ ಅದರಿಂದ ಏಳುವ ಹಬೆಗೆ ಮೂಗೊಡ್ಡಿ ಕೂರುತ್ತಿದ್ದೆ. ನಿಮಗೂ ಇಂಥ ಒಂದು ಜಗಲಿ ಇದ್ದಿರಬೇಕು. ಇಲ್ಲದಿದ್ದರೆ ನಿಮ್ಮ ಅಮ್ಮನಿಗಾದರೂ ಇತ್ತು, ಕೇಳಿ ನೋಡಿ.

ಆ ಜಗಲಿ ನಮ್ಮದಾಗಿದ್ದರೂ ಪೂರ್ತಿ ನಮ್ಮದಾಗಿರಲಿಲ್ಲ. ಸಂಜೆ ದೀಪ ಹಚ್ಚಿ, ಮುದ್ದೆ ಕಟ್ಟಿ ಮುಗಿಸಿದ ಮೇಲೂ ಅಜ್ಜಿ, ನಮ್ಮಪ್ಪನ ತಾಯಿ, ಒಳಗಿನವರಿಗೆ ಬಡಿಸುತ್ತಿರಲಿಲ್ಲ. ಕೈ ತೊಳೆದು, ಸೆರಗಿನಲ್ಲಿ ಮುಖ ಒರೆಸಿಕೊಂಡು ಜಗಲಿಗೆ ಬಂದು, ಬೀದಿಯ ಆ ತುದಿ ಈ ತುದಿ ನೋಡಿ, "ಯಾರಾನ ಉಣ್ದಲೆ ಇರೋರು ಇದ್ದೀರೇನ್ರಪ್ಪೋ..." ಅಂತ ಕೂಗು ಹಾಕುತ್ತಿದ್ದಳು. ಅವಳ ಅತ್ತೆಯ ಕಾಲದ ಪದ್ಧತಿಯಂತೆ ಅದು. ಬಂದವರಿಗೆ ಮೊದಲು, ಆಮೇಲೆ ನಮಗೆ. ಯಾರೂ ಬಾರದ ದಿನ ಒಂದು ಮುದ್ದೆ ಎತ್ತಿಟ್ಟು ನಮಗೆ ಹಾಕುತ್ತಿದ್ದಳು, ತಾನು ಮಾತ್ರ ಎಲ್ಲರದ್ದೂ ಆದ ಮೇಲೆ ಅರೆಮನಸ್ಸಿನಿಂದ ಉಣ್ಣುತ್ತಿದ್ದಳು. ಹಸಿದ ಅಪ್ಪ ಒಳಗಿಂದ ಗೊಣಗುತ್ತಿದ್ದರು. "ಅಮ್ಮ, ದಿನಾ ಊರಿಗೆಲ್ಲ ಟಾಂಟಾಂ ಹೊಡೀಬೇಕಾ? ಮೊದ್ಲು ಇಕ್ಕಮ್ಮ ಮಾರಾಯ್ತಿ." ಅಜ್ಜಿ ತಿರುಗಿಯೂ ನೋಡುತ್ತಿರಲಿಲ್ಲ.

ಜಗಲಿಯ ಗೂಡಿನಲ್ಲಿ ಅದಕ್ಕೆಂದೇ ಒಂದು ಸೊಟ್ಟ ಅಲ್ಯೂಮಿನಿಯಂ ತಟ್ಟೆ ಇತ್ತು. ಬಂದವರು ಅದರಲ್ಲೇ ಉಂಡು, ತೊಳೆದು, ಅಲ್ಲೇ ಇಡಬೇಕು. ಒಳಮನೆಯ ತಟ್ಟೆ ಹೊರಗೆ ಬರುತ್ತಿರಲಿಲ್ಲ. ಅಜ್ಜಿಯನ್ನು ದೇವತೆ ಮಾಡಲು ನಾನು ಕೂತಿಲ್ಲ ಕಣ್ರೀ. ಅವಳು ಜಾತಿ ಕೇಳುತ್ತಿರಲಿಲ್ಲ ನಿಜ, ಆದರೆ ಹೊಸಿಲು ದಾಟಿಸುತ್ತಲೂ ಇರಲಿಲ್ಲ. ಮೈ ಕೈ ಗಟ್ಟಿಯಿದ್ದವನು ಬಂದರೆ "ಸೌದೆ ಒಡ್ದಾಕಿ ಓಗು" ಅಂತ ಗದರುತ್ತಲೂ ಇದ್ದಳು. ಆದರೆ ಹಸಿದವನನ್ನು ಬೀದಿಯಲ್ಲಿ ನಿಲ್ಲಿಸಿ ತಾನು ಉಣ್ಣುವುದು ಅವಳಿಂದ ಆಗುತ್ತಿರಲಿಲ್ಲ, ಅಷ್ಟೇ.

ಮಳೆಗಾಲದಲ್ಲಿ ಗೊಬ್ಬರದ ಚೀಲ ಹೊದ್ದ ಒಬ್ಬ ಮುದುಕ ಬಂದು ಅದೇ ಜಗಲಿಯಲ್ಲಿ ಮಲಗುತ್ತಿದ್ದ. ಎಲ್ಲಿಯವನೋ, ಏನು ಹೆಸರೋ, ಮಾತೇ ಆಡುತ್ತಿರಲಿಲ್ಲ. ನಾವು ಅವನನ್ನು ಜಗಲಿ ತಾತ ಅನ್ನುತ್ತಿದ್ದೆವು. ಒಂದು ಸಂಜೆ ಅವನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವುದನ್ನು ನಾನು ಕಂಬಕ್ಕೊರಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅಜ್ಜಿ ಹಿಂದಿನಿಂದ ಬಂದು ತಲೆಗೆ ಮೊಟಕಿ ಒಳಗೆ ಎಳೆದುಕೊಂಡು ಹೋದಳು. "ಉಣ್ಣೋರ ಮುಕ ನೋಡ್ಬಾರ್ದು ಕಣೆ. ನೋಡುದ್ರೆ ಅವ್ರಿಗೆ ತುತ್ತು ಇಳಿಯಾಕಿಲ್ಲ." ಆಮೇಲೆ ನಾನು ಗಮನಿಸಿದೆ. ತಟ್ಟೆ ಚಾಚುವಾಗ ಅಜ್ಜಿ ಕತ್ತು ಆ ಕಡೆ ತಿರುಗಿಸುತ್ತಿದ್ದಳು, ಬೀದಿಯಲ್ಲಿ ಏನೋ ಕಂಡಂತೆ. ಒಂದು ವರ್ಷ ಮಳೆ ಬಂತು, ಜಗಲಿ ತಾತ ಬರಲಿಲ್ಲ. ಅಜ್ಜಿಯ ಕೂಗು ಕೆಲವು ಸಂಜೆ ಉದ್ದವಾಯಿತು. ಬೇರೆ ಯಾರಿಗೂ ಅದು ದೊಡ್ಡ ಸುದ್ದಿಯಾಗಲಿಲ್ಲ.

ಏರ್‌ಪೋರ್ಟ್ ಬಂತು, ರಸ್ತೆ ಅಗಲವಾಯಿತು, ನಮ್ಮ ಹೊಲದಲ್ಲಿ ಲೇಔಟ್ ಎದ್ದಿತು. ಕೊನೆಗೆ ಅಪ್ಪ ಮನೆಯ ಜಾಗವನ್ನೂ ಬಿಲ್ಡರ್‌ಗೆ ಕೊಟ್ಟರು. ಜಗಲಿಯ ಕಲ್ಲುಗಳನ್ನು ಜೆಸಿಬಿ ಎತ್ತಿ ಲಾರಿಗೆ ಹಾಕಿತು. ಅದೇ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಪಾಲಿಗೆ ಬಂದ ಫ್ಲ್ಯಾಟು ಮೂರನೇ ಮಹಡಿಯಲ್ಲಿತ್ತು. ಅಪ್ಪ, ಅಮ್ಮ, ಅಜ್ಜಿ, ನಾನು ಲಿಫ್ಟಿನಲ್ಲಿ ಮೇಲೆ ಹೋದೆವು. ಅಜ್ಜಿ ಸಾಮಾನಿನ ಜೊತೆ ಆ ಸೊಟ್ಟ ತಟ್ಟೆಯನ್ನೂ ಸೀರೆ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದು ಯಾರಿಗೂ ಗೊತ್ತಿರಲಿಲ್ಲ. ಗೇಟಿನಲ್ಲಿ "ಭಿಕ್ಷುಕರಿಗೆ, ಸೇಲ್ಸ್‌ನವರಿಗೆ ಪ್ರವೇಶವಿಲ್ಲ" ಅನ್ನುವ ಬೋರ್ಡು ತೂಗುತ್ತಿತ್ತು. ಆ ಬೋರ್ಡು ಬರೆಸಿದ ಅಸೋಸಿಯೇಷನ್ನಿನಲ್ಲಿ ಅಪ್ಪನೂ ಇದ್ದರು.

ನಾನು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹೊತ್ತಿಗೆ ಅಜ್ಜಿಗೆ ಮರೆವು ಹತ್ತಿತು. ಮೊದಲು ಅಮ್ಮನ ಹೆಸರು ಹೋಯಿತು, ಆಮೇಲೆ ನನ್ನದು. ಸಂಜೆಯೊಂದು ಮಾತ್ರ ಹೋಗಲಿಲ್ಲ. ಹೊತ್ತು ಇಳಿಯಿತೆಂದರೆ ಬಾಗಿಲಿಗೂ ಅಡುಗೆಮನೆಗೂ ಓಡಾಡುತ್ತಿದ್ದಳು. ಒಂದು ಭಾನುವಾರ ನಾವೆಲ್ಲ ಒಳಗೆ ಟಿವಿ ನೋಡುತ್ತಿದ್ದಾಗ ಲೇಔಟಿನವರ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಯಾರದ್ದೋ ಮನೆಯ ಗೇಟಿನ ಮುಂದೆ ಒಬ್ಬ ಮುದುಕಿ, ಚಾಚಿದ ಕೈಯಲ್ಲಿ ತಟ್ಟೆ, ಮುಖ ಆ ಕಡೆಗೆ. "ಸೆಕ್ಯೂರಿಟಿ ಏನ್ ಮಾಡ್ತಾ ಇದೆ?" ಅಂತ ಒಬ್ಬರು ಕೇಳಿದ್ದರು. "ದುಡ್ಡು ಕೊಡ್ಬೇಡಿ ಪ್ಲೀಸ್, ಇದೊಂದು ದೊಡ್ಡ ಮಾಫಿಯಾ" ಅಂತ ಇನ್ನೊಬ್ಬರು. "ಮುಖ ಮುಚ್ಕೊಳ್ತಾ ಇದ್ದಾಳೆ ನೋಡಿ, ಒಳ್ಳೆ ಸೀರೆ ಬೇರೆ, ಎಲ್ಲಾ ನಾಟಕ" ಅಂತ ಮತ್ತೊಬ್ಬರು. ಅಪ್ಪ ಕನ್ನಡಕ ಹಾಕಿಕೊಳ್ಳದೆಯೇ ಟೈಪ್ ಮಾಡಿದರು. "ಎಲ್ಲರೂ ಗೇಟ್ ಹಾಕಿಕೊಳ್ಳಿ. ಅವಳನ್ನ ಮುಂದಕ್ಕೆ ಕಳಿಸಿ."

ಆ ಸೀರೆ ಯುಗಾದಿಗೆ ನಾನೇ ತಂದುಕೊಟ್ಟದ್ದು. ನಾನು ಫೋನನ್ನು ಅಪ್ಪನ ಮುಂದೆ ಹಿಡಿದು, "ಅಪ್ಪಾ, ಇದು ಅಜ್ಜಿ" ಅಂದೆ. ಅಪ್ಪ ಫೋಟೋ ದೊಡ್ಡದು ಮಾಡಿ ನೋಡಿದರು. ತಟ್ಟೆಯಲ್ಲಿ ಮುದ್ದೆ ಇತ್ತು. ಅದರ ಪಕ್ಕದಲ್ಲಿ ಯಾರೋ ಹಾಕಿದ ಚಿಲ್ಲರೆ ಇತ್ತು. ಅವಳು ಕೊಡಲು ನಿಂತಿದ್ದಳು, ಬೇಡಲು ಅಲ್ಲ. ಒಂದು ಕಾಲಕ್ಕೆ ತಾನೇ ರಾಗಿ ಬಿತ್ತಿದ ನೆಲದ ಮೇಲೆ ನಿಂತು, ಗೇಟಿನಿಂದ ಗೇಟಿಗೆ ಹೋಗಿ, ಯಾರಾದರೂ ಉಣ್ಣದವರಿದ್ದೀರಾ ಅಂತ ಕೇಳುತ್ತಿದ್ದಳು. ಒಬ್ಬರಾದರೂ ಆ ತಟ್ಟೆಯೊಳಗೆ ಬಗ್ಗಿ ನೋಡಬಾರದಿತ್ತೇ? ಅಪ್ಪನ ಮೇಲೂ, ಆ ಗುಂಪಿನ ಮೇಲೂ ಆವತ್ತು ಬಂದ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಹುಡುಕಿ ಹುಡುಕಿ ಕೊನೆಗೆ ಅಜ್ಜಿ ಸಿಕ್ಕಿದ್ದು ಕೋಗಿಲು ಕ್ರಾಸಿನ ಬಳಿ, ಸಿಗ್ನಲ್ಲಿನಲ್ಲಿ ಪೆನ್ನು, ಕಾರು ಒರೆಸುವ ಬಟ್ಟೆ ಮಾರಿಕೊಂಡು ರಸ್ತೆ ಬದಿಯಲ್ಲೇ ಮಲಗುವವರ ಟಾರ್ಪಾಲಿನ ಕೆಳಗೆ. ಪುಟಾಣಿ ಮಕ್ಕಳು ಸೊಟ್ಟ ತಟ್ಟೆಯ ಸುತ್ತ ಕೂತು ಮುದ್ದೆ ತಿನ್ನುತ್ತಿದ್ದವು. ಅಜ್ಜಿ ಅವರಿಗೆ ಬೆನ್ನು ಮಾಡಿ ಕೂತು, ಪೇಪರ್ ಲೋಟದಲ್ಲಿ ಟೀ ಕುಡಿಯುತ್ತಿದ್ದಳು. ಎಷ್ಟೋ ತಿಂಗಳಿಂದ ಅವಳ ಮುಖದಲ್ಲಿ ಅಂಥ ನೆಮ್ಮದಿ ನಾನು ಕಂಡಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಎದ್ದು ನಿಂತಳು. ಹೆಸರು ಗಂಗವ್ವ, ರಾಯಚೂರು ಕಡೆಯವಳು. "ಈ ಆಯಿ ನಿಮ್ಮಾಕೇನ್ರೀ ಯಣ್ಣಾ? ನಮಗ ಉಣ್ಣಾಕ ತಂದಾಳ್ರಿ. ಮನಿ ಮರ್ತಾಳ್ ಕಾಣಸ್ತೈತಿ ಅಂತ ಕುಂದ್ರಿಸ್ಕೊಂಡೀನಿ." ಅಪ್ಪ ಜೇಬಿನಿಂದ ನೋಟು ತೆಗೆದು ಕೊಟ್ಟರು. ಅವಳು ಬೇಡ ಅನ್ನಲಿಲ್ಲ, ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ವಾಪಸು ಬರುವಾಗ ಕಾರಿನಲ್ಲಿ ಅಪ್ಪ ಕೇಳಿದ್ದು ಒಂದೇ ಮಾತು. "ಗುರುತಿರೋರು ಯಾರಾದ್ರೂ ನೋಡಿದ್ರಾ?"

ಮರುದಿನವೇ ಬಾಗಿಲಿಗೆ ಕಬ್ಬಿಣದ ಗ್ರಿಲ್ ಬಂತು, ಗ್ರಿಲ್ಲಿಗೆ ಬೀಗ ಬಂತು. ಸಂಜೆಯಾದರೆ ಅಜ್ಜಿ ಸರಳು ಹಿಡಿದು ಖಾಲಿ ಕಾರಿಡಾರಿಗೆ ಕೂಗುತ್ತಿದ್ದಳು. ಪಕ್ಕದ ಫ್ಲ್ಯಾಟಿನವರು ಮಗುವಿನ ನಿದ್ದೆ ಕೆಡುತ್ತದೆ ಅಂತ ದೂರಿದರು. ಆಮೇಲೆ ಅವಳು ಕೂಗುವುದನ್ನು ಬಿಟ್ಟಳು, ಉಣ್ಣುವುದನ್ನೂ ಬಿಟ್ಟಳು. ಅಮ್ಮ ತುತ್ತು ಕಲಸಿ ಬಾಯಿಗೆ ತಂದರೆ ಕೈ ತಳ್ಳಿ, "ಯಾರೂ ಉಂಡಿಲ್ವಲ್ಲ, ನಾನೆಂಗ್ ಉಣ್ಣಾದು?" ಅನ್ನುತ್ತಿದ್ದಳು. ಡಾಕ್ಟರು ಹೀಗೇ ಆದರೆ ಕಷ್ಟ ಅಂದರು. ಅವಳ ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು.

ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಆಫೀಸಿನಿಂದ ಬಂದವಳು ಒಳಗೆ ಹೋಗದೆ ಗ್ರಿಲ್ಲಿನ ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ನೆಲದ ಮೇಲೆ ಕೂತೆ. ದುಪ್ಪಟ್ಟಾ ತಲೆ ಮೇಲೆ ಹೊದ್ದು, "ಅಮ್ಮಾ, ತಾಯೀ, ಹೊಟ್ಟೆ ಹಸೀತದೆ" ಅಂದೆ. ಒಳಗೆ ಅಜ್ಜಿ ಧಡಬಡ ಎದ್ದ ಸದ್ದಾಯಿತು. ಅಮ್ಮ ಬೀಗ ತೆಗೆದಳು. ಅಜ್ಜಿ ತಟ್ಟೆ ಚಾಚಿ, ಕತ್ತು ತಿರುಗಿಸಿ, "ಉಣ್ಣು ತಾಯಿ, ನಿದಾನಕ್ಕೆ ಉಣ್ಣು" ಅಂದಳು. ಕಾರಿಡಾರಿನಲ್ಲಿ ಹೋಗುತ್ತಿದ್ದವರು ನನ್ನನ್ನು ನೋಡಿ ಬೇಗ ಬೇಗ ದಾಟಿದರು. ನಾನು ತಟ್ಟೆ ಖಾಲಿ ಮಾಡಿದ ಮೇಲೆ ಅಜ್ಜಿ ಒಳಗೆ ಕೂತು ಉಂಡಳು. ಅಂದಿನಿಂದ ದಿನಾ ಸಂಜೆ ನಾನು ನಮ್ಮ ಮನೆ ಬಾಗಿಲಲ್ಲಿ ಬೇಡಿದೆ.

ಆಮೇಲೆ ನಾನು ಮದುವೆಯಾಗಿ ಆರ್.ಟಿ. ನಗರಕ್ಕೆ ಬಂದೆ. ನನ್ನ ಬದಲು ಬಾಗಿಲಲ್ಲಿ ಅಮ್ಮ ಕೂರುತ್ತಿದ್ದಳು, ಆದರೆ ಅವಳ ಮಂಡಿ ನೋವು ಜಾಸ್ತಿಯಾಯಿತು. "ನೀವ್ ಕೂತ್ಕೊಳ್ಳಿ ಅಪ್ಪ" ಅಂತ ಫೋನಿನಲ್ಲಿ ಅಂಗಲಾಚಿದೆ. "ಅಸೋಸಿಯೇಷನ್ ಜನ ಓಡಾಡೋ ಕಡೆ ನಾನ್ ಭಿಕ್ಷೆಗೆ ಕೂರ್ಲಾ? ತಲೆ ಸರಿ ಇದೆಯೇನೆ ನಿಂಗೆ?" ಅಂತ ರೇಗಿ ಫೋನಿಟ್ಟರು. ಅಜ್ಜಿ ಮತ್ತೆ ಊಟ ಬಿಟ್ಟಳು. ಒಂದು ಸಂಜೆ ಮನಸ್ಸು ತಡೆಯದೆ ನಾನೇ ಹೋದೆ. ಲಿಫ್ಟಿನ ಬಾಗಿಲು ತೆರೆದಾಗ ಅಪ್ಪ ಚಪ್ಪಲಿಗಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಟವೆಲ್ಲು ತಲೆಗೆ ಹೊದ್ದಿದ್ದರು. ಎದುರು ಫ್ಲ್ಯಾಟಿನ ಬಾಗಿಲು ಅರ್ಧ ತೆರೆದಿತ್ತು, ಅಲ್ಲಿಂದ ನೋಡುತ್ತಿದ್ದರು. ಅಪ್ಪ ತಲೆ ಎತ್ತಲಿಲ್ಲ. ತುತ್ತು ಅವರ ಗಂಟಲಲ್ಲಿ ಇಳಿಯುತ್ತಲೇ ಇರಲಿಲ್ಲ, ಆದರೂ ನುಂಗುತ್ತಿದ್ದರು. ಅಷ್ಟು ಹೊತ್ತಿಗೆ ತಡವಾಗಿತ್ತು. ಅಜ್ಜಿ ಆವತ್ತು ಎರಡು ತುತ್ತು ತಿಂದಳು. ಆ ವಾರದಲ್ಲೇ ಹೋದಳು.

ಹಳೆಯ ಮನೆಯಾಗಿದ್ದರೆ ಊರ ಹೆಂಗಸರೆಲ್ಲ ಬಂದು ಜಗಲಿಯ ಮೇಲೆ ಕೂತು, ಅವಳ ಗುಣ ಹಾಡಿ ಹಾಡಿ ಅಳುತ್ತಿದ್ದರು. ಫ್ಲ್ಯಾಟಿನಲ್ಲಿ ನನ್ನ ಸೋದರತ್ತೆಯರು ಬಾಯಿ ತೆಗೆಯುವಷ್ಟರಲ್ಲಿ ಯಾರೋ ಬಾಗಿಲು ಹಾಕಿ, "ಸ್ವಲ್ಪ ಮೆತ್ತಗೆ, ಅಕ್ಕಪಕ್ಕದೋರಿಗೆ ತೊಂದ್ರೆ ಆಗುತ್ತೆ" ಅಂದರು. ಎಲ್ಲರೂ ಕರ್ಚೀಫು ಬಾಯಿಗಿಟ್ಟುಕೊಂಡು ಅತ್ತೆವು. ಸಂಜೆಗೆ ಆ ವಾಟ್ಸ್ಯಾಪ್ ಗುಂಪಿನಲ್ಲಿ ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ಆ ಫೋಟೋದ ಮುದುಕಿ ಇವಳೇ ಅಂತ ಅವರಲ್ಲಿ ಯಾರಿಗೂ ಇವತ್ತಿಗೂ ಗೊತ್ತಿಲ್ಲ.

ಕೆಲವು ತಿಂಗಳ ಮೇಲೆ ಅಮ್ಮನನ್ನು ನೋಡಲು ಆಟೋದಲ್ಲಿ ಹೋಗುತ್ತಿದ್ದೆ. ಕೋಗಿಲು ಕ್ರಾಸಿನಲ್ಲಿ ಕೆಂಪು ದೀಪ ಬಿತ್ತು. ಕಾರು ಒರೆಸುವ ಬಟ್ಟೆಗಳ ಕಟ್ಟು ಹಿಡಿದು ಬಂದ ಹೆಂಗಸು ನನ್ನ ಮುಖ ನೋಡಿ ನಿಂತಳು. ಗಂಗವ್ವ. ಬಟ್ಟೆ ಬೇಕಾ ಅಂತಲೂ ಕೇಳಲಿಲ್ಲ. "ಯವ್ವಾ, ಆಯಿ ಹೆಂಗದಾಳ್ರೀ?" ಅಂದಳು. ಅಜ್ಜಿ ಸತ್ತ ಮೇಲೆ ಆಕೆಯ ಬಗ್ಗೆ ಹಾಗೆ ಕೇಳಿದವರು ಬೇರೆ ಯಾರೂ ಇರಲಿಲ್ಲ. "ಹೋಗ್ಬಿಟ್ರು ಗಂಗವ್ವ" ಅಂದೆ. ಅವಳ ಕೈಯಿಂದ ಕಟ್ಟು ಬಿತ್ತು. ಅಲ್ಲೇ ಡಿವೈಡರಿನ ಮೇಲೆ ಕುಸಿದು, ಎದೆ ಬಡಿದುಕೊಂಡು, "ನನ್ನವ್ವಾ... ಉಣ್ಣಾಕ ತಂದಾಕಿ... ನಮ್ಮನ್ ಬಿಟ್ಟ್ ಹೋದೇನವ್ವಾ..." ಅಂತ ದನಿ ಎತ್ತಿ ಅತ್ತಳು. ಹಸಿರು ದೀಪ ಬಿತ್ತು. ಹಿಂದಿನಿಂದ ಹಾರ್ನುಗಳು ಕಿರುಚಿದವು. ಪಕ್ಕದ ಕಾರಿನ ಗಾಜು ಇಳಿಯಿತು, ಒಬ್ಬಾತ ಕಾಳಜಿಯಿಂದಲೇ ನನಗೆ ಹೇಳಿದ. "ಮೇಡಂ, ದುಡ್ಡು ಗಿಡ್ಡು ಕೊಟ್ಬಿಟ್ಟೀರಾ. ಇವರದ್ದೆಲ್ಲ ಆ್ಯಕ್ಟಿಂಗು."

ನಾನು ಆಟೋದಿಂದ ಇಳಿದೆ. ಡಿವೈಡರಿನ ಮೇಲೆ ಅವಳ ಪಕ್ಕ ಕೂತು, ಬಾಯಿ ತೆರೆದು, ನಾನೂ ಅತ್ತೆ. ಗಾಡಿಗಳು ನಮ್ಮಿಬ್ಬರನ್ನೂ ಬಳಸಿಕೊಂಡು ಹೋದವು.