ಹನ್ನೊಂದು ಹೊಲಿಗೆ ಪುಸ್ತಕಗಳು

ನಮ್ಮ ಕಡೆಯ ಜನ ಹಿಂದೆ ಏನು ಓದುತ್ತಿದ್ದರು ಎಂಬುದು ನನ್ನ ಸಂಶೋಧನೆಯ ವಿಷಯ. ಅದಕ್ಕಾಗಿ ರಾಯಚೂರು, ಮಾನ್ವಿ, ದೇವದುರ್ಗದ ಹಳೆಯ ವಾಚನಾಲಯಗಳ ಪುಸ್ತಕಪಟ್ಟಿಗಳನ್ನು ಸಾಲು ಸಾಲಾಗಿ ಲ್ಯಾಪ್‌ಟಾಪಿಗೆ ಏರಿಸಿದೆ. ಬೇಸಿಗೆ ಪೂರ್ತಿ ಅದೇ ಕೆಲಸ. ಕಲ್ಮಲದ ನಮ್ಮ ಮನೆಯಲ್ಲಿ ಅವ್ವ ಫ್ಯಾನನ್ನು ನನ್ನ ಕಡೆ ತಿರುಗಿಸಿಟ್ಟು, "ಪುಸ್ತಕ ಓದೋದು ಬಿಟ್ಟು ಬರೇ ಹೆಸರು ಬರ್ಕೊಂತ ಕುಂತೀಯಲ್ಲ ಯವ್ವಾ" ಎನ್ನುತ್ತಿದ್ದಳು.

ಪಟ್ಟಿಗಳನ್ನು ವಿಷಯವಾರು ಜೋಡಿಸಿದಾಗ ಒಂದು ಸೋಜಿಗ ಕಂಡಿತು. ದೇವದುರ್ಗದ ಉರ್ದು ವಿಭಾಗದಲ್ಲಿ ಹನ್ನೊಂದು ಹೊಲಿಗೆ ಪುಸ್ತಕಗಳಿದ್ದವು. ಮಾನ್ವಿಯಲ್ಲಿ ಒಂದೂ ಇಲ್ಲ, ರಾಯಚೂರಿನಲ್ಲೂ ಇಲ್ಲ. ನಾನು ಹಿಗ್ಗಿಹೋದೆ. ಅಲ್ಲಿಯ ಹೆಂಗಸರು ಉರ್ದು ಪುಸ್ತಕ ಓದಿ ಹೊಲಿಗೆ ಕಲಿತರೆಂದು ಇಪ್ಪತ್ತು ಪುಟ ಬರೆದೆ. ನನ್ನ ಮಾರ್ಗದರ್ಶಕಿ ಓದಿ, "ಛಲೋ ಅದ. ಆದ್ರ ಆ ಪುಸ್ತಕ ಕಣ್ಲೆ ನೋಡೀಯೇನು?" ಎಂದರು. ನೋಡಿರಲಿಲ್ಲ.

ಮರುದಿನವೇ ದೇವದುರ್ಗದ ಬಸ್ಸು ಹತ್ತಿದೆ. ಆ ಪಟ್ಟಿ ಬರೆದಿದ್ದ ಗ್ರಂಥಪಾಲಕರು ನಿವೃತ್ತರಾಗಿದ್ದರೂ ದಿನಾ ಪೇಪರ್ ಓದಲು ವಾಚನಾಲಯಕ್ಕೇ ಬರುತ್ತಿದ್ದರು. ಅವರೇ ಕಪಾಟು ತೆರೆದು ಹನ್ನೊಂದೂ ಪುಸ್ತಕ ಮೇಜಿನ ಮೇಲಿಟ್ಟರು. ಯಾವುದರಲ್ಲೂ ಚಿತ್ರವಿಲ್ಲ, ಅಂಗಿಯ ಅಳತೆಯಿಲ್ಲ. ಪುಟದ ನಡುವೆ ಎರಡೆರಡೇ ಸಾಲು. ಉರ್ದು ಬಾರದ ನನಗೂ ಅವು ಪದ್ಯಗಳೆಂದು ಗೊತ್ತಾಯಿತು.

"ಇವು ಹೊಲಿಗಿ ಪುಸ್ತಕ ಅಂತ ಯಾರು ಹೇಳಿದ್ರು ಸರ್?"

"ನನಗೆಲ್ಲಿ ಉರ್ದು ಬರ್ತದವ್ವಾ. ಎದುರಿನ ಟೇಲರ್ ಕಾಕಾ ಓದಿ ಹೇಳ್ತಿದ್ರು, ನಾ ಬರ್ಕೊಂತಿದ್ದೆ."

ಪುಸ್ತಕಗಳ ಹಿಂದೆ ಅಂಟಿಸಿದ್ದ ಚೀಟಿಗಳನ್ನು ನೋಡಿದೆ. ಒಯ್ದವರ ಸದಸ್ಯ ಸಂಖ್ಯೆ ಹನ್ನೊಂದರಲ್ಲೂ ಒಂದೇ. ಗ್ರಂಥಪಾಲಕರು ಕನ್ನಡಕ ಏರಿಸಿ ಅದನ್ನು ನೋಡಿದವರೇ ಎದ್ದು ರಸ್ತೆ ದಾಟಿ ಹೋದರು. ತಿರುಗಿ ಬಂದಾಗ ಜೊತೆಗೆ ಕೊರಳಲ್ಲಿ ಟೇಪು ಹಾಕಿಕೊಂಡ ಮುದುಕರೊಬ್ಬರಿದ್ದರು.

ಟೇಲರ್ ಕಾಕಾ ಮೇಜಿನ ಮೇಲಿನ ಪುಸ್ತಕಗಳನ್ನು ಕಂಡು ನೆಲ ನೋಡಿದರು. "ಶಾಯರಿ ಅಂತ ಬರೆಸಿದ್ರ ಎಲ್ಲಾರೂ ಕೇಳಿ ಒಯ್ತಿದ್ರವ್ವಾ. ಕಪಾಟಿಗೆ ಕೀಲಿ, ಮಂದಿ ಪಟ್ಟಿ ನೋಡೇ ಪುಸ್ತಕ ಕೇಳಬೇಕು. ಹೊಲಿಗಿ ಅಂದ್ರ ಯಾರೂ ಕೇಳಲ್ಲ. ನನಗ ಬೇಕಂದಾಗ ಸಿಗ್ತಾವ ಅಂತ..."

"ದಿನಾ ಜೋಡಿ ಕುಂತು ಚಹಾ ಕುಡದ್ವಿ, ಒಂದಿನಾನೂ ಹೇಳಲಿಲ್ಲ ನೀವು" ಎಂದರು ಗ್ರಂಥಪಾಲಕರು.

"ನಿಮ್ಮ ಅಂಗಿ ಗುಂಡಿ ಹರದಾಗೆಲ್ಲ ಹಚ್ಚಿಕೊಟ್ಟೀನಲ್ರಿ."

ನನ್ನ ಇಪ್ಪತ್ತು ಪುಟ ನೀರುಪಾಲಾದವು. ಅಳು ಬರಬೇಕಿತ್ತು, ಬಂದದ್ದು ನಗು. ಅವರಿಬ್ಬರೂ ನಕ್ಕರು.

ಮಧ್ಯಾಹ್ನವೆಲ್ಲ ಮೂವರೂ ಕೂತು ಪಟ್ಟಿ ತಿದ್ದಿದೆವು. ಕಾಕಾ ನಿಜವಾದ ಹೆಸರು ಓದಿ ಹೇಳಿದರು, ನಾನು ಟೈಪು ಮಾಡಿದೆ. ಒಂದು ಪುಸ್ತಕ ಕೈಗೆ ಬಂದಾಗ ಅವರು ಅದನ್ನು ತೆರೆಯದೆಯೇ, ಕಣ್ಣು ಮುಚ್ಚಿ ನಾಲ್ಕು ಸಾಲು ಹೇಳಿದರು. ಗ್ರಂಥಪಾಲಕರು ಪೇಪರ್ ಮಡಚಿಟ್ಟು ಅರ್ಥ ಕೇಳಿದರು. ಅರ್ಥ ಕೇಳಿದ ಮೇಲೆ, "ಇನ್ನೊಂದು ಹೇಳ್ರಿ" ಎಂದರು.

ಬೇರೆ ಯಾರಿಗೂ ಸಿಗದಂತೆ ಹನ್ನೊಂದು ಪುಸ್ತಕಗಳನ್ನು ಕಾಪಾಡಿಕೊಂಡ ಒಬ್ಬ ಓದುಗನ ಬಗ್ಗೆ ಹೊಸ ಅಧ್ಯಾಯ ಬರೆಯುತ್ತೇನೆ ಎಂದೆ. ಕಾಕಾ ಒಪ್ಪಿದರು, ಹೆಸರು ಮಾತ್ರ ಹಾಕಬೇಡ ಎಂದರು. ಆಮೇಲೆ ಎರಡು ಪುಸ್ತಕ ಬಗಲಲ್ಲಿ ಹಿಡಿದು ಬಾಗಿಲಿಗೆ ನಡೆದರು.

"ಪಟ್ಟಿ ಸರಿ ಆತಲ್ಲ," ಎಂದರು, "ಇನ್ನ ಯಾರರೆ ಒಯ್ದುಬಿಟ್ಟಾರು."