ಆರು ರೂಮು, ಹದಿನೆಂಟು ಹೆಸರು

ಎರಡು ವರ್ಷದ ಹಿಂದೆ, ಬೇಸಿಗೆ ರಜೆಯಲ್ಲಿ, ನಮ್ಮ ಮನೆತನದವರೆಲ್ಲ ಕೂಡಿ ಕಾರವಾರಕ್ಕೆ ಸಮುದ್ರ ನೋಡಲು ಹೋದೆವು. ಆ ಹೋಟೆಲಿನಲ್ಲಿ ಒಂದು ರೂಮಿಗೆ ಮೂರೇ ಮಂದಿ. ನಾನು ಹದಿನೆಂಟು ಮಂದಿಗೆ ಆರು ರೂಮು ಹಿಡಿದಿದ್ದೆ. ಗಾಡಿಯಿಂದ ಇಳಿದವರು ಹತ್ತೊಂಬತ್ತು. ರೂಮಿಲ್ಲದೆ ಉಳಿದವಳು ನಮ್ಮ ಅತ್ತೆ, ಅಪ್ಪನ ಅಕ್ಕ. ಮನೆಯಲ್ಲಿ ಈಗಲೂ ಈ ಸಂಗತಿಯನ್ನು ನಗುತ್ತ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಪಟ್ಟಿ ಬರೆದವಳು ನಾನು.

ನಾನು ಶಿರಹಟ್ಟಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ದಿನಾ ಬೆಳಿಗ್ಗೆ ಹಾಜರಿ ಕರೆಯುವುದು ನನ್ನ ಕೆಲಸ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮಕ್ಕಳೂ ಹೇಳುತ್ತಾರೆ, ನನ್ನ ಗಂಡನೂ ಹೇಳುತ್ತಾನೆ. ತವರು ಬೆಟಗೇರಿ. ದೊಡ್ಡಪ್ಪನ ಮಗ, ನಾನು ಅಣ್ಣ ಅನ್ನುವವನು, ಮುಂಡರಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಚಿಕ್ಕಪ್ಪನ ಸಂಸಾರ ಲಕ್ಷ್ಮೇಶ್ವರದಲ್ಲಿದೆ. ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಎಲ್ಲಿಗಾದರೂ ಹೋಗುವುದು ರೂಢಿ.

ಹಿಂದೆಲ್ಲ ಆ ಪ್ರವಾಸಗಳ ಕಾರಭಾರ ಅಣ್ಣನದು. ಅವನ ಪದ್ಧತಿ ಸರಳ. ಲಾಡ್ಜಿನಲ್ಲಿ ಎರಡು ರೂಮು ಹಿಡಿಯುವುದು, ಹದಿನಾಲ್ಕು ಮಂದಿ ಮಲಗುವುದು. ಮೊದಲು ನಾಲ್ಕು ಮಂದಿ ಸಾಮಾನು ಹಿಡಿದು ರಾಜಾರೋಷವಾಗಿ ಮೇಲೆ ಹೋಗುತ್ತಿದ್ದರು. ಉಳಿದವರು ಅತ್ತ ಇತ್ತ ಅಡ್ಡಾಡಿ, ನೆಂಟರನ್ನು ಮಾತಾಡಿಸಲು ಬಂದವರ ಹಾಗೆ ಮುಖ ಮಾಡಿಕೊಂಡು ಇಬ್ಬಿಬ್ಬರಾಗಿ ಮೆಟ್ಟಿಲು ಹತ್ತುತ್ತಿದ್ದೆವು. ಒಂದು ಸಲ ಒಬ್ಬ ಮ್ಯಾನೇಜರು ಬಾಗಿಲು ಬಡಿದಾಗ ಅಣ್ಣ ನಮ್ಮನ್ನೆಲ್ಲ ಬಚ್ಚಲಮನೆಗೆ ತುಂಬಿ ಚಿಲಕ ಹಾಕಿಸಿದ. ಆಗ ನನ್ನ ಮಗಳು ನನ್ನ ಸೆರಗು ಹಿಡಿದು, "ಮಮ್ಮಿ, ನಾವು ಕಳ್ಳರೇನ?" ಅಂತ ಕೇಳಿದಳು. ಅವತ್ತೇ ನಿಶ್ಚಯ ಮಾಡಿದೆ, ಮುಂದಿನ ಸಲ ಎಲ್ಲ ನಾನೇ ನೋಡಿಕೊಳ್ಳುತ್ತೇನೆ, ನಿಯಮದ ಪ್ರಕಾರ, ತಲೆ ಎತ್ತಿಕೊಂಡು ಹೋಗುತ್ತೇವೆ ಅಂತ.

ಕಾರವಾರದ ಹೋಟೆಲಿಗೆ ಫೋನು ಮಾಡಿದಾಗ ಅವರು ಸ್ಪಷ್ಟವಾಗಿ ಹೇಳಿದರು. ಮೂರು ಮಂಚ, ಮೂರು ಮಂದಿ. ಐದು ವರ್ಷ ದಾಟಿದ ಮಕ್ಕಳೂ ಲೆಕ್ಕಕ್ಕೆ. ನೆಲದ ಮೇಲೆ ಹಾಸಿಕೊಳ್ಳುವಂತಿಲ್ಲ. ಎಲ್ಲರ ಆಧಾರ್ ಕಾರ್ಡಿನ ಝೆರಾಕ್ಸ್ ಬೇಕು. ನನಗೆ ಇಂಥವರೇ ಬೇಕಾಗಿತ್ತು. ಹೋಗುವವರು ಎಷ್ಟು ಮಂದಿ ಅಂತ ಖಾತ್ರಿ ಮಾಡಿಕೊಳ್ಳಲು ಬೆಟಗೇರಿಗೆ ಫೋನು ಹಚ್ಚಿದೆ. ಎತ್ತಿದವಳು ಅತ್ತೆ.

ನಮ್ಮ ಮನೆಯಲ್ಲಿ ಮಂದಿಯ ಲೆಕ್ಕ ಬೇಕಾದರೆ ಅತ್ತೆಯನ್ನೇ ಕೇಳಬೇಕು. ಮದುವೆಯಾಗಿ ಸಿಂಗಟಾಲೂರಿಗೆ ಹೋದವಳು, ಗಂಡ ತೀರಿದ ಮೇಲೆ ಮೂವತ್ತರ ಒಳಗೇ ತವರಿಗೆ ತಿರುಗಿ ಬಂದಳು. ಮೊದಲು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದಳು. ಮಗ್ಗ ನಿಂತ ಮೇಲೆ ಅಡಿಗೆಮನೆ ಅವಳದಾಯಿತು. ಹಬ್ಬಕ್ಕೆ ಯಾರು ಬರುತ್ತಾರೆ, ಗಂಡಸರೆಷ್ಟು, ಮಕ್ಕಳೆಷ್ಟು, ಯಾರಿಗೆ ಎಷ್ಟು ರೊಟ್ಟಿ ಅಂತ ಬಾಯಿಲೆಕ್ಕದಲ್ಲೇ ಹಿಟ್ಟು ಅಳೆಯುತ್ತಾಳೆ. ಒಂದು ರೊಟ್ಟಿ ಹೆಚ್ಚಾಗುವುದಿಲ್ಲ, ಕಡಿಮೆಯೂ ಬೀಳುವುದಿಲ್ಲ. ಬಾಯಿಯೂ ಜೋರು. ತಡವಾಗಿ ಊಟಕ್ಕೆ ಬಂದವರಿಗೆ ಅವಳು ಬಡಿಸುವಾಗ ಸೌಟು ಸಪ್ಪಳ ಮಾಡುತ್ತದೆ.

"ಅತ್ತಿ, ಕಾರವಾರಕ್ಕ ನಾವು ಎಷ್ಟ ಮಂದಿ ಆಗತೀವಿ?" ಅಂತ ಕೇಳಿದೆ.

ಅವಳು ಬಾಯಲ್ಲೇ ಎಣಿಸಿ, "ಹದಿನೆಂಟ," ಅಂದಳು.

ಹದಿನೆಂಟನ್ನು ಮೂರರಿಂದ ಭಾಗಿಸಿದರೆ ಆರು. ಶೇಷ ಸೊನ್ನೆ. ಗಣಿತದ ಟೀಚರಿಗೆ ಇದಕ್ಕಿಂತ ಸಂತೋಷದ ಸಂಗತಿ ಇಲ್ಲ. ಅವತ್ತೇ ಕೂತು ಪಟ್ಟಿ ಮಾಡಿದೆ. ಯಾವ ರೂಮಿನಲ್ಲಿ ಯಾರು, ಗೊರಕೆ ಹೊಡೆಯುವವರು ಯಾರ ಜೊತೆ, ಮೊಣಕಾಲು ನೋವಿನ ಅಪ್ಪ ಅವ್ವನಿಗೆ ನೆಲಮಹಡಿ, ಹೀಗೆ. ಐದನೆಯ ರೂಮಿನಲ್ಲಿ ನಾನು, ನನ್ನ ಗಂಡ, ನನ್ನ ಮಗಳು. ಕಂಪ್ಯೂಟರಿನಲ್ಲಿ ಕಟ್ಟು ಹಾಕಿ ಪ್ರಿಂಟು ತೆಗೆಸಿದೆ. ಎಲ್ಲರ ಮೊಬೈಲಿಗೂ ಕಳಿಸಿದೆ. ಮೊಬೈಲು ನೋಡದ ಹಿರಿಯರಿಗಾಗಿ ಬೆಟಗೇರಿಯ ಮನೆಯಲ್ಲಿ, ಅಡಿಗೆಮನೆಯ ಬಾಗಿಲ ಪಕ್ಕ, ಕ್ಯಾಲೆಂಡರಿನ ಕೆಳಗೆ ಗೋಡೆಗೆ ಒಂದು ಪ್ರತಿ ಅಂಟಿಸಿ ಬಂದೆ. ಹೊರಡುವುದಕ್ಕೆ ಇನ್ನೂ ಎಂಟು ದಿನವಿತ್ತು.

ಅಣ್ಣ ಫೋನು ಮಾಡಿ ಚೇಷ್ಟೆ ಮಾಡಿದ. "ಆರ ರೂಮ ಯಾಕವಾ? ನಾಕ ಹಿಡದ್ರ ಸಾಕಿತ್ತು. ಬಚ್ಚಲ ದೊಡ್ಡದೈತೋ ಇಲ್ಲೋ ಕೇಳು."

"ಈ ಸಲ ನಿನ್ನ ಶಾಣ್ಯಾತನ ನಡಿಯಂಗಿಲ್ಲ," ಅಂದೆ.

ಗಾಡಿ ಮುಂಡರಗಿಯಿಂದ ಬೆಳಕು ಹರಿಯುವ ಮೊದಲೇ ಹೊರಟು ಬೆಟಗೇರಿಗೆ ಬಂತು, ಅಲ್ಲಿಂದ ಶಿರಹಟ್ಟಿಗೆ ಬಂದು ನಮ್ಮನ್ನು ಹತ್ತಿಸಿಕೊಂಡಿತು. ಲಕ್ಷ್ಮೇಶ್ವರದಲ್ಲಿ ಚಿಕ್ಕಪ್ಪನವರು ಹತ್ತಿದರು. ಹಿಂದಿನ ಸೀಟಿನಲ್ಲಿ ಅತ್ತೆ ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಅವಳನ್ನು ನೋಡಿದೆ, ನಕ್ಕೆ, "ಚಟ್ನಿಪುಡಿ ತಂದೀಯೇನ?" ಅಂತ ಕೂಡ ಕೇಳಿದೆ. ಗಾಡಿಗೆ ಇಪ್ಪತ್ತು ಸೀಟು. ಯಾರೂ ನಿಂತಿರಲಿಲ್ಲವಾದ್ದರಿಂದ ನನಗೆ ಏನೂ ಹೊಳೆಯಲಿಲ್ಲ. ಯಲ್ಲಾಪುರ ದಾಟಿದ ಮೇಲೆ ಒಂದು ಮರದ ನೆರಳಿನಲ್ಲಿ ಅವಳು ಎಲ್ಲರಿಗೂ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಡಿಸಿದಳು. ಎಲ್ಲರದೂ ಆದ ಮೇಲೆ ಗಾಡಿಯ ಮೆಟ್ಟಿಲ ಮೇಲೆ ಕೂತು ತಾನು ಉಂಡಳು.

ಮಧ್ಯಾಹ್ನ ಎರಡಕ್ಕೆ ಹೋಟೆಲು ಮುಟ್ಟಿದೆವು. ಮ್ಯಾನೇಜರು ನಡುವಯಸ್ಸಿನ ಮನುಷ್ಯ, ಸಾವಕಾಶದ ಮಾತು. ಪೆನ್ನನ್ನು ಗಾಳಿಯಲ್ಲಿ ಚುಚ್ಚುತ್ತ ನಮ್ಮನ್ನು ಎಣಿಸಿದ.

"ಹತ್ತೊಂಬತ್ತು ಜನ ಇದ್ದೀರಿ, ಮೇಡಂ."

"ಹದಿನೆಂಟು," ಅಂದೆ.

ಅವನು ಮತ್ತೆ ಎಣಿಸಿದ. ಮತ್ತೆ ಹತ್ತೊಂಬತ್ತು. ನನಗೆ ತಲೆ ಕೆಟ್ಟಿತು. ಡ್ರೈವರನ್ನೂ ಸೇರಿಸಿರಬೇಕು ಅಂದೆ. ಡ್ರೈವರು ಹೊರಗೆ ಗಾಡಿ ತೊಳೆಯುತ್ತಿದ್ದ. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವಳಿಗೆ ಎಣಿಸಲು ಹೇಳಿಕೊಡುತ್ತೀರೇನು ಅಂತ ಕೂಡ ಒದರಿದೆ. ಅವನು ಬೇಜಾರು ಮಾಡಿಕೊಳ್ಳದೆ, "ಪಟ್ಟಿ ಇದೆಯಲ್ಲ, ಓದಿ ಮೇಡಂ, ಕೀ ಕೊಡುತ್ತಾ ಹೋಗುತ್ತೇನೆ," ಅಂದ.

ನಾನು ಶಾಲೆಯ ದನಿಯಲ್ಲೇ ಓದಿದೆ. ಹೆಸರು ಕರೆದವರು ಕೀ ತೆಗೆದುಕೊಂಡು ಬಲಕ್ಕೆ ಸರಿದು ನಿಂತರು. ಒಂದನೆಯ ರೂಮು, ಎರಡನೆಯದು, ಮೂರನೆಯದು. ಎಡಗಡೆ ಮಂದಿ ಕಡಿಮೆಯಾಗುತ್ತ ಬಂದರು. ಆರನೆಯ ರೂಮಿನ ಮೂರನೆಯ ಹೆಸರು ಓದಿ ತಲೆ ಎತ್ತಿದಾಗ ಎಡಗಡೆ ಸೋಫಾದ ಪಕ್ಕದಲ್ಲಿ ಅತ್ತೆ ಒಬ್ಬಳೇ ನಿಂತಿದ್ದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಖಾಲಿಯಾದ ರೊಟ್ಟಿಯ ಡಬ್ಬಿ.

ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಹಿಂದಿನ ಮಗ್ಗುಲಲ್ಲಿ ಅವಳ ಹೆಸರು ಇದ್ದೀತು ಅನ್ನುವ ಹಾಗೆ.

ಮೊದಲು ನಕ್ಕವನು ಅಣ್ಣ. "ಹಿಟ್ಟ ಅಳಿಯೂದೇ ಹಂಗಲ್ಲೇನ ಅತ್ತಿ? ಬಡಿಸಾಕಿ ಲೆಕ್ಕದಾಗ ಬರಂಗೇ ಇಲ್ಲ," ಅಂದ. ಆಗ ಎಲ್ಲರಿಗೂ ತಿಳಿಯಿತು. ಅತ್ತೆ ಫೋನಿನಲ್ಲಿ ರೊಟ್ಟಿಗೆ ಎಣಿಸುವ ಹಾಗೆ ನಮ್ಮನ್ನು ಎಣಿಸಿದ್ದಳು. ಆ ಲೆಕ್ಕದಲ್ಲಿ ರೊಟ್ಟಿ ಬಡಿಯುವವಳು ತನ್ನನ್ನು ಎಂದೂ ಹಿಡಿಯುವುದಿಲ್ಲ. ಉಳಿದದ್ದು ಅವಳದು. ಹಾಸಿಗೆಯೂ ಹಾಗೇ. ಹಬ್ಬದಲ್ಲಿ ಪಡಸಾಲೆಯ ತುಂಬ ಜಮಖಾನ ಹಾಸಿ ಎಲ್ಲರಿಗೂ ದಿಂಬು ಕೊಟ್ಟು, ಜಾಗ ಉಳಿದಲ್ಲಿ ಅಡ್ಡಾಗುತ್ತಾಳೆ. ಎಲ್ಲರೂ ನಕ್ಕರು, ನಗುವುದಕ್ಕೆ ಒಂದು ನೆಪ ಸಿಕ್ಕಿತಲ್ಲ ಅನ್ನುವ ಹಾಗೆ. ನಾನೂ ನಕ್ಕೆ. ತಪ್ಪು ನನ್ನದಲ್ಲ, ಅವಳ ರೂಢಿಯದು ಅಂತ ಸಮಾಧಾನವಾಗಿತ್ತು.

"ಅಕಿ ಎಲ್ಲೆರ ಹೊಂದಕೋತಾಳ ಬಿಡ್ರಿ," ಅಂತ ಅಣ್ಣ ಮ್ಯಾನೇಜರಿಗೆ ಹೇಳಿದ.

"ಹೊಂದಿಕೊಳ್ಳಲು ಬರುವುದಿಲ್ಲ. ರೂಮಿಗೆ ಮೂರೇ ಜನ," ಅಂದ ಅವನು. ಬೇರೆ ರೂಮು ಖಾಲಿ ಇರಲಿಲ್ಲ. ರಜೆಯ ದಿನಗಳಾದ್ದರಿಂದ ಸುತ್ತಲಿನ ನಾಲ್ಕು ಕಡೆ ಅವನೇ ಫೋನು ಮಾಡಿ ನೋಡಿದ, ಅಲ್ಲಿಯೂ ಇರಲಿಲ್ಲ.

"ನಾ ಗಾಡ್ಯಾಗ ಮಲಕೋತೀನಿ," ಅಂದಳು ಅತ್ತೆ. "ಸೀಟು ಮೆತ್ತಗ ಅದಾವು."

"ಅದೂ ಆಗುವುದಿಲ್ಲ, ಅಮ್ಮ." ಅವನು ಸ್ವಲ್ಪ ಯೋಚಿಸಿ, ಹಿಂದಿನ ಕಟ್ಟಡದಲ್ಲಿ ಡ್ರೈವರುಗಳು ಮಲಗುವ ಹಾಲ್ ಇದೆ, ಒಂದು ಮಂಚ ಖಾಲಿ ಇದೆ, ಆದರೆ ಗಂಡಸರಿಗೆ ಮಾತ್ರ ಅಂದ.

ಅಂದರೆ ಗಂಡಸರಲ್ಲಿ ಒಬ್ಬರು ತಮ್ಮ ರೂಮು ಬಿಡಬೇಕು. ಕೂಡಲೇ ಅಣ್ಣನಿಗೆ ಬೆನ್ನುನೋವು ನೆನಪಾಯಿತು. ಚಿಕ್ಕಪ್ಪ ಬಾಗಿಲಾಚೆ ಸಮುದ್ರ ಕಾಣುತ್ತದೇನೋ ಅಂತ ನೋಡತೊಡಗಿದ. ಕೊನೆಗೆ ನನ್ನ ಅಪ್ಪ, ಎಪ್ಪತ್ತು ದಾಟಿದವನು, ಕೋಲು ಊರಿ ಎದ್ದು, "ಅಕ್ಕಾ, ನನ್ನ ಮಂಚ ನೀ ತೊಗೊ," ಅಂದ. ನನ್ನ ಗಂಡ ಅಪ್ಪನನ್ನು ಕೂಡ್ರಿಸಿ, ತನ್ನ ಬ್ಯಾಗು ಎತ್ತಿಕೊಂಡು ಹಿಂದಿನ ಕಟ್ಟಡದ ದಾರಿ ಹಿಡಿದ. ಅವನ ಮೇಲೆ ನನಗೆ ಆಗಾಗ ಸಿಟ್ಟು ಬರುತ್ತದೆ. ಅವತ್ತು ಬಹಳ ಪ್ರೀತಿ ಬಂತು.

"ಅಮ್ಮನ ಕಾರ್ಡು?" ಮ್ಯಾನೇಜರು ಕೇಳಿದ. ನಮ್ಮಲ್ಲಿ ಐದು ಮಂದಿ ಝೆರಾಕ್ಸ್ ಮರೆತು ಬಂದಿದ್ದರು, ಅಣ್ಣನೂ ಅದರಲ್ಲಿ ಒಬ್ಬ. ಅವರಿಗಾಗಿ ನಾನು ಆಗಲೇ ಕ್ಷಮೆ ಕೇಳಿ ಆಗಿತ್ತು. ಅತ್ತೆಯದು ಬೆಟಗೇರಿಯ ಟ್ರಂಕಿನಲ್ಲೇ ಉಳಿದಿರಬೇಕು ಅಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ, ಅವಳು ಸೊಂಟದ ಸಂಚಿಯಿಂದ ಪ್ಲಾಸ್ಟಿಕ್ ಹಾಕಿಸಿದ ಕಾರ್ಡು ತೆಗೆದಳು. ಜೊತೆಗೆ ನಾಲ್ಕು ಮಡಿಕೆಯ ಝೆರಾಕ್ಸು. ಮಡಿಕೆ ಬಿಡಿಸಿ, ಅಂಗೈಯಿಂದ ತಿಕ್ಕಿ ನೆಟ್ಟಗೆ ಮಾಡಿ ಕೊಟ್ಟಳು. ಮ್ಯಾನೇಜರು ರಜಿಸ್ಟರಿನಲ್ಲಿ ಐದನೆಯ ರೂಮಿನ ಎದುರು ಅವಳ ಹೆಸರು ಬರೆದ.

ರೂಮಿನಲ್ಲಿ ಮೂರು ಮಂಚ ಸಾಲಾಗಿದ್ದವು. ಮಗಳು ಬ್ಯಾಗು ಎಸೆದು ಸಮುದ್ರಕ್ಕೆ ಓಡಿದಳು. ಅತ್ತೆ ಬಾಗಿಲಲ್ಲೇ ನಿಂತು, "ನಂದ ಯಾವ್ದು?" ಅಂತ ಕೇಳಿದಳು. ಕಿಟಕಿಯ ಪಕ್ಕದ್ದನ್ನು ತೋರಿಸಿದೆ. ಅವಳು ಹೋಗಿ ಮೊದಲು ನನ್ನ ಮಂಚದ ಚಾದರ ಝಾಡಿಸಿ ಹಾಸಿದಳು, ಆಮೇಲೆ ಮಗಳದ್ದು, ಕೊನೆಗೆ ತನ್ನದು. ನಂತರ ಕಾಲು ಇಳಿಬಿಟ್ಟು ಕೂತಳು. ಕಿಟಕಿಯಲ್ಲಿ ಸಮುದ್ರ ಕಾಣುತ್ತಿತ್ತು. ಸಿಂಗಟಾಲೂರಿನಲ್ಲಿ ತುಂಬಿದ ಹೊಳೆ ನೋಡಿದವಳು, ಸಮುದ್ರ ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿದಳು.

ಸುಮ್ಮನಿರಬೇಕಾಗಿತ್ತು ನಾನು. ಬಾಯಿ ಕೇಳಲಿಲ್ಲ. ಅರ್ಧ ನಗುತ್ತ, ಅರ್ಧ ಗದರಿಸುತ್ತ ಅಂದೆ, "ಅಲ್ಲ ಅತ್ತಿ, ನಿನ್ನನ್ನ ನೀನ ಎಣಿಸ್ಲಿಲ್ಲಂದ್ರ ನಾ ಏನ ಮಾಡ್ಲಿ? ಎಲ್ಲಾರ ಮುಂದ ನನ್ನ ಮಾನ ಹೋತು."

"ಹೌದ, ಎಣಿಸ್ಲಿಲ್ಲ. ನನಗ ರೂಢಿ ಇಲ್ಲ," ಅಂದಳು. ಸಂಚಿ ಬಿಚ್ಚಿ ಕಾರ್ಡನ್ನು ಒಳಗಿಟ್ಟು ದಾರ ಎಳೆದಳು. "ಮಾರನೇ ದಿನ ನೀ ಬಂದು ಚೀಟಿ ಅಂಟಿಸಿ ಹೋದಿ. ಆವಾಗ ಓದಿದೆ. ನನ್ನ ಹೆಸರು ಇರಲಿಲ್ಲ."

ಅವಳು ಏಳನೆಯ ತರಗತಿಯವರೆಗೆ ಓದಿದ್ದಾಳೆ. ಆ ಚೀಟಿ ಇದ್ದದ್ದು ಅಡಿಗೆಮನೆಯ ಬಾಗಿಲ ಪಕ್ಕ. ದಿನಕ್ಕೆ ನೂರು ಸಲ ಅವಳು ಅದರ ಮುಂದೆ ಓಡಾಡಿರಬೇಕು.

"ಆವಾಗರ ನನಗ ಯಾಕ ಹೇಳ್ಲಿಲ್ಲ?"

"ಎಂಟ ದಿವ್ಸ ಗ್ವಾಡಿಗಿತ್ತು. ನಿಮ್ಮಪ್ಪ ಓದಿದ, ನಿಮ್ಮವ್ವ ಓದಿದ್ಲು. ಮುಂಡರಗಿಯಿಂದ ನಿಮ್ಮಣ್ಣ ಬಂದಾಗ ಚಾ ಕುಡಕೋತ ನಿಂತ ಓದಿದ. ಎಲ್ಲಾರೂ ತಮ್ಮ ತಮ್ಮ ರೂಮ್ ಹುಡುಕಿದ್ರು." ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಹೆಸರ ಯಾಕಿಲ್ಲಂತ ಒಬ್ರರ ಕೇಳ್ತಾರೇನ ಅಂತ ಕಾಯ್ದೆ. ಕೇಳಿದ್ರ ಇರ್ಲಿ ಅಂತ ಝೆರಾಕ್ಸ್ ಮಾಡಿಸಿ ಇಟಗೊಂಡಿದ್ದೆ."

ಕೆಳಗಿನಿಂದ ಅಣ್ಣ ಕೂಗಿದ, ಎಲ್ಲರೂ ಸಮುದ್ರಕ್ಕೆ ಹೊರಟಿದ್ದೇವೆ, ಜಲ್ದಿ ಬರ್ರಿ ಅಂತ. ಅತ್ತೆ ಎದ್ದು ಚಪ್ಪಲಿ ಮೆಟ್ಟಿದಳು. ಅವಳು ಹಾಸಿಕೊಟ್ಟ ಮಂಚದ ಮೇಲೆ ನಾನು ಕೂತೇ ಇದ್ದೆ.