ಕಾಗದದ ತೋಳು

ಈ ಕಾಗದದ ತೋಳನ್ನು ನಾನು ಕತ್ತರಿಸಿದ್ದು ನನ್ನ ಹೆಂಡತಿ ಶಾಂತವ್ವ ಬದುಕಿದ್ದ ಕೊನೆಯ ಪೂರ್ತಿ ದಿನ. ಇವತ್ತು ಬೆಳಿಗ್ಗೆ ಒಂದು ಕುಬಸಕ್ಕೆ ಅಳತೆ ಹುಡುಕುವಾಗ ಕೈಗೆ ಬಂತು. ಹಳದಿಯಾಗಿದೆ, ಮಡಿಕೆಯಲ್ಲಿ ಹರಿದಿದೆ. ನಮ್ಮಂಥ ದರ್ಜಿಗಳು ಹಳೆಯ ಪೇಪರಿನಲ್ಲಿ ತೋಳು, ಕೊರಳು, ಬೆನ್ನು ಅಂತ ಅಳತೆ ಕತ್ತರಿಸಿ ಗೂಟಕ್ಕೆ ಪೋಣಿಸಿಟ್ಟಿರುತ್ತೇವೆ. ನೀವು ನೋಡಿರಬಹುದು. ಆದರೆ ಅವತ್ತು ನಾನು ಕತ್ತರಿಸಿದ್ದು ಹಳೆಯ ಪೇಪರಲ್ಲ. ಅದೇ ದಿನ ಬೆಳಿಗ್ಗೆ ಬಂದದ್ದು.

ಅದೊಂದು ಏನೂ ವಿಶೇಷವಿಲ್ಲದ ದಿನ. ಬೈಲಹೊಂಗಲದ ನಮ್ಮ ಓಣಿಯಲ್ಲಿ ನಳದ ನೀರು ಬಂದು ಹೋಗಿತ್ತು. ಶಾಂತವ್ವ ಜೋಳದ ಡಬ್ಬಿ ಹೊತ್ತುಕೊಂಡು ಹಿಟ್ಟಿನ ಗಿರಣಿಗೆ ಹೋಗಿದ್ದಳು. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಪೇಪರು ತೆರೆದೆ. ಒಳಗಿನ ಪುಟದ ಮೂಲೆಯಲ್ಲಿ ನಾಲ್ಕು ಬೆರಳು ಅಗಲದ ಒಂದು ಸುದ್ದಿ ಇತ್ತು. ಇಸ್ರೇಲಿನ ನಾಯಕರು ಮತ್ತು ಪ್ಯಾಲೆಸ್ಟೀನಿನ ನಾಯಕರು ಹಬ್ಬದ ಶುಭಾಶಯದ ನೆಪದಲ್ಲಿ ಫೋನಿನಲ್ಲಿ ಮಾತಾಡಿದ್ದರು. ಅಷ್ಟೇ. ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು.

ಎಲ್ಲಿಯ ಇಸ್ರೇಲು, ಎಲ್ಲಿಯ ಬೈಲಹೊಂಗಲ, ಇವನ ಎದೆ ಯಾಕೆ ಧಸಕ್ಕೆನ್ನಬೇಕು ಅಂತ ನೀವು ಕೇಳುತ್ತೀರಿ. ಹೇಳುತ್ತೇನೆ.

ಶಾಂತವ್ವ ನಾಲ್ಕನೇ ಇಯತ್ತೆವರೆಗೆ ಸಾಲಿ ಕಲಿತವಳು. ಕಣ್ಣಿಗೆ ಪೊರೆ ಬಂದ ಮೇಲೆ ಪೇಪರು ಓದಿ ಹೇಳುವುದು ನನ್ನ ಕೆಲಸವಾಯಿತು. ಒಮ್ಮೆ ಆ ದೇಶಗಳ ಜಗಳದ ಸುದ್ದಿ ಓದಿದೆ. ತಿಳಿಯಲಿ ಅಂತ ಮೇಜಿನ ಮೇಲಿದ್ದ ಅರಿವೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಹೊಡೆದೂ ತೋರಿಸಿದೆ.

"ಇಬ್ಬರಿಗೂ ಇದ ಅರಿವೆನ ಬೇಕಂದ್ರ ನೀವ ಹೆಂಗ ಕತ್ತರಸ್ತೀರಿ?" ಅಂದಳು.

"ನಾ ಕತ್ತರಸೂದಿಲ್ಲ. ತಗೊಂಡ ಹೋಗ್ರಿ ಅಂತ ವಾಪಸ್ ಕೊಡ್ತೇನಿ."

"ಅವರಿಗೆ ವಾಪಸ್ ಕೊಡಾಕ ಬರೂದಿಲ್ಲಲ್ರಿ. ಹುಟ್ಟಿದ್ದ ಅದರ ಮ್ಯಾಲ."

ಅಂದಿನಿಂದ ಅವಳಿಗೆ ಅದೊಂದು ಹವ್ಯಾಸ ಹತ್ತಿತು. ಮಧ್ಯಾಹ್ನ ಊಟಕ್ಕೆ ಕೂತರೆ ಮೊದಲ ಪ್ರಶ್ನೆ ಅದೇ: "ಮಾತಾಡಿದ್ರೇನ್ರಿ ಅವರು?" ಬೇರೆ ಯಾವುದೋ ದೇಶದಲ್ಲಿ ಎರಡೂ ಕಡೆಯ ಅಧಿಕಾರಿಗಳು ಕೂತಿದ್ದರು ಅಂತ ಓದಿದರೆ, "ನಡುವ ಯಾರಿದ್ರು?" ಅನ್ನುತ್ತಿದ್ದಳು. "ನಡುವ ಇದ್ದಾವರಿಗೆ ಯಾರೂ ಚಾ ಸೈತ ಕೇಳೂದಿಲ್ರಿ, ನನಗ ಗೊತ್ತೈತಿ." ಅವಳಿಗೆ ನಿಜವಾಗಿಯೂ ಗೊತ್ತಿತ್ತು. ಓಣಿಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟರೂ ಇವಳು ಒಂದು ಬಟ್ಟಲು ಪಲ್ಯ ಹಿಡಿದು ಎರಡೂ ಮನೆಗೆ ಹೋಗಿ ಬರುತ್ತಿದ್ದಳು. ಅವಳ ತವರು ಸಿರಸಂಗಿ. ರಾಮದುರ್ಗದಲ್ಲಿರುವ ನಮ್ಮ ಅಣ್ಣ ಬಸಪ್ಪ ಆಗಾಗ ನಗಾಡುತ್ತಿದ್ದ: "ನಮ್ಮಿಬ್ಬರ ಊರ ನಡುವಿಂದ ಹೆಣ್ಣ ತಂದೇವಿ, ಹಿಂಗಾಗಿ ಅಕಿಗೆ ನಡುವ ನಿಂತ ರೂಢಿ."

ಆ ಅಣ್ಣನ ಜೊತೆಗೇ ನಾನು ಮಾತು ಬಿಟ್ಟೆ. ಕಾರಣ ಹೇಳಲು ನಾಚಿಕೆಯಾಗುತ್ತದೆ. ಅವನ ಮಗಳ ಲಗ್ನಪತ್ರಿಕೆಯಲ್ಲಿ ಆಹ್ವಾನಿಸುವವರ ಪಟ್ಟಿ ಇತ್ತು. ದೂರದ ಸೋದರಮಾವನ ಹೆಸರು ಬಂದಿತ್ತು, ಅವನ ಅಳಿಯನ ಹೆಸರೂ ಬಂದಿತ್ತು. ಒಡಹುಟ್ಟಿದ ನನ್ನದಿರಲಿಲ್ಲ. ಅಚ್ಚಿನವರ ತಪ್ಪು ಅಂತ ಅಣ್ಣ ಹೇಳಿ ಕಳಿಸಿದ. ಹೇಳಿ ಕಳಿಸಿದನೇ ಹೊರತು ತಾನೇ ಬರಲಿಲ್ಲ ಅಂತ ನಾನು ಮತ್ತಷ್ಟು ಬಿಗಿದುಕೊಂಡೆ. ಮದುವೆಗೆ ಶಾಂತವ್ವ ಒಬ್ಬಳೇ ಹೋಗಿ ಅಕ್ಕಿಕಾಳು ಹಾಕಿ ಬಂದಳು. ಒಂಬತ್ತು ವರ್ಷ ಅಣ್ಣನೂ ನಾನೂ ಮಾತಾಡಲಿಲ್ಲ.

ಒಂದು ದಿನ ರೊಟ್ಟಿ ತಟ್ಟುತ್ತ ಅಂದಳು, "ಅವರ ನಡುವ ರಗತ ಹರದೈತಿ. ನಿಮ್ಮ ನಡುವ ಮಸಿನೂ ಹರದಿಲ್ಲ. ಅವರು ಮಾತಾಡಿದ ದಿನಾ ನೀವೂ ನಿಮ್ಮ ಅಣ್ಣಾರಿಗೆ ಫೋನ್ ಮಾಡಬೇಕ ನೋಡ್ರಿ."

"ಆತೇಳು," ಅಂದೆ. ಅದು ಆಗುವ ಮಾತಲ್ಲ ಅಂತ ನನಗೆ ಖಾತ್ರಿಯಿತ್ತು.

"ಅವರ ಹಿರ್ಯಾರು ಮತ್ತ. ಅಧಿಕಾರಿಗಳಲ್ಲ."

"ಆತಂದೆನಲ್ಲ."

ಈಗ ಪೇಪರಿನ ಮೂಲೆಯಲ್ಲಿ ಹಿರಿಯರೇ ಮಾತಾಡಿದ್ದರು. ಗಿರಣಿಯಿಂದ ಅವಳು ಬರುವ ಮೊದಲು ಕತ್ತರಿ ತೆಗೆದುಕೊಂಡೆ. ಪುಟವನ್ನು ಮಡಚಿ, ಬೇಕಿಲ್ಲದಿದ್ದರೂ ಒಂದು ತೋಳು ಕತ್ತರಿಸಿ ಗೂಟಕ್ಕೆ ಸಿಗಿಸಿದೆ. ಸುದ್ದಿ ಸರಿಯಾಗಿ ಕಂಕುಳಿನ ಬಾಗಿನಲ್ಲಿ ತುಂಡಾಯಿತು. ಕಣ್ಣು ಕಾಣದವಳಿಂದ ಕಾಗದ ಮುಚ್ಚಿಡುವ ಗಂಡಸು! ಅವತ್ತು ಅದು ನನಗೆ ಜಾಣತನ ಅನ್ನಿಸಿತ್ತು.

ಹೊಸ ಹಿಟ್ಟಿನ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ. ಕೂತ ಕೂಡಲೇ ಕೇಳಿದಳು, "ಮಾತಾಡಿದ್ರೇನ್ರಿ ಅವರು?"

"ಇಲ್ಲ."

ದಿನವೂ ಅಷ್ಟಕ್ಕೇ ಮುಗಿಯುತ್ತಿತ್ತು. ಅವತ್ತು ಇನ್ನೊಂದು ಸಲ ಕೇಳಿದಳು.

"ಏನೂ ಇಲ್ಲೇನ್ರಿ?"

"ಏನೂ ಇಲ್ಲ. ಊಟಾ ಮಾಡು."

ಸ್ವಲ್ಪ ನಕ್ಕಳು. "ಇರ್ಲಿ. ನಾಳೆ ಇರತೈತಿ ತಗೋರಿ," ಅಂದು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಬೆಳಿಗ್ಗೆ ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಅಡುಗೆಮನೆಯಿಂದ ಕರೆದಳು, "ಇಲ್ಲಿ ಬರ್ರಿ ಒಂದೀಟು." ದನಿಯಲ್ಲಿ ಏನೂ ಫರಕು ಇರಲಿಲ್ಲ. "ದಾರಾ ಹಾಕಿ ಬಂದೆ," ಅಂದೆ. ಎರಡು ಸಲ ತಪ್ಪಿತು, ಮೂರನೆಯ ಸಲಕ್ಕೆ ಹೋಯಿತು. ಎದ್ದು ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದಳು. ಸಾಣಿಗೆ ತೊಡೆಯ ಮೇಲಿತ್ತು, ಕೈತುಂಬ ಹಿಟ್ಟಿತ್ತು. ಉಸಿರಿರಲಿಲ್ಲ. ಡಾಕ್ಟರು ಬಂದು ಎದೆ ನಿಂತಿದೆ ಅಂದರು. ಹಾಗಂದರೇನು ಅಂತ ನಾನು ಅವರನ್ನೇ ಕೇಳಿದೆನಂತೆ. ನನಗೆ ನೆನಪಿಲ್ಲ. ನಾನು ಅಳಲೂ ಇಲ್ಲ. ಮಧ್ಯಾಹ್ನದವರೆಗೂ ಸೂಜಿ ದಾರ ನನ್ನ ಬೆರಳಲ್ಲೇ ಇತ್ತು, ಯಾರೋ ಬಿಡಿಸಿ ತೆಗೆದರು.

ರಾಮದುರ್ಗದಿಂದ ಅಣ್ಣ ಬಂದ. ಹೆಗಲು ಕೊಟ್ಟ. ಮಣ್ಣು ಮುಗಿದ ಮೂರನೆಯ ದಿನ ಹೊರಗಿನ ಕಟ್ಟೆಯ ಮೇಲೆ ಇಬ್ಬರೇ ಕೂತಿದ್ದೆವು. ಅವನು ನೆಲ ನೋಡುತ್ತ ಕೇಳಿದ, "ಅವತ್ತ ಯಾಕ ಫೋನ್ ಮಾಡಲಿಲ್ಲೋ?"

"ಯಾವತ್ತ?"

"ಆ ಮುಂಜಾನೆ ಶಾಂತವ್ವ ಗಿರಣ್ಯಾಗಿಂದ ನನಗ ಫೋನ್ ಮಾಡಿದ್ಲು. ಅಲ್ಲೆ ರೇಡಿಯೋದಾಗ ಸುದ್ದಿ ಕೇಳಿದ್ಲಂತ. 'ಭಾವಾರ, ಅವರು ಮಾತಾಡ್ಯಾರ, ಇವತ್ತ ನಿಮ್ಮ ತಮ್ಮಾರು ಫೋನ್ ಮಾಡ್ತಾರ, ಒಂದ ಸಲಾ ಬಾರಿಸಿದ ಕೂಡ್ಲೆ ಎತ್ರಿ' ಅಂದ್ಲು. ನಾ ಹೊಲಕ್ಕ ಹೋಗಲಿಲ್ಲ. ಸಂಜಿತನಾ ಕೈಯಾಗ ಹಿಡಕೊಂಡ ಕುಂತಿದ್ದೆ."

ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದಳು. ನಾನು ಸುಳ್ಳು ಹೇಳಿದೆ. ಅದನ್ನು ಎತ್ತಿ ಆಡದೆ, ತಿದ್ದಿಕೊಳ್ಳಲಿ ಅಂತ ಇನ್ನೊಂದು ಸಲ ಕೇಳಿದಳು. ಆಗಲೂ ನಾನು ಸುಳ್ಳೇ ಹೇಳಿದೆ. ಅದಕ್ಕೂ ನಾಳೆಯವರೆಗೆ ಸಮಯ ಕೊಟ್ಟಳು.

ಅಣ್ಣನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. "ಮರೆತೆ," ಅಂದೆ. ಆ ದಿನದಿಂದ ಅವನೇ ಫೋನ್ ಮಾಡುತ್ತಾನೆ. ನಾನು ಎತ್ತುತ್ತೇನೆ. ನಾನಾಗಿ ಒಮ್ಮೆಯೂ ಮಾಡಿರಲಿಲ್ಲ. ಆ ಇಬ್ಬರು ನಾಯಕರ ಮಾತು ಮುಂದೆ ಎಲ್ಲಿಗೂ ಹೋಗಲಿಲ್ಲ. ಅಲ್ಲಿ ಆಮೇಲೆ ಏನೇನಾಯಿತು ಅಂತ ನಿಮಗೂ ಗೊತ್ತು. ಸತ್ತ ಮಕ್ಕಳ ಸುದ್ದಿ ಬಂದ ದಿನಗಳಲ್ಲಿ ಓದಿಸಿಕೊಂಡು ಕೇಳಲು ಅವಳಿಲ್ಲದ್ದೇ ಒಳ್ಳೆಯದಾಯಿತು ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಇದ್ದಿದ್ದರೆ ಆ ದಿನಗಳಲ್ಲೂ ಅವಳು "ಮಾತಾಡಿದ್ರೇನ್ರಿ ಅವರು?" ಅಂತಲೇ ಕೇಳುತ್ತಿದ್ದಳು.

ಇವತ್ತು ಆ ತೋಳು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಆಮೇಲೆ ಫೋನ್ ತೆಗೆದು ಅಣ್ಣನಿಗೆ ಮಾಡಿದೆ. ಒಂದೇ ಸಲ ಬಾರಿಸಿತು.

"ಏನೋ, ಯಾರರ ಸತ್ರೇನು?" ಅಂದ ಗಾಬರಿಯಿಂದ.

"ಯಾರೂ ಸತ್ತಿಲ್ಲ. ಅವತ್ತ ಮಾಡಬೇಕಾಗಿದ್ದ ಫೋನಿದು. ನಾ ಮರ್ತಿರಲಿಲ್ಲಣ್ಣ. ಪೇಪರಿನ್ಯಾಗ ಬಂದಿತ್ತು. ಮುಚ್ಚಿಟ್ಟೆ."

ಆ ಕಡೆ ಎಲ್ಲೋ ಒಂದು ಎಮ್ಮೆ ಕೂಗಿತು.

"ಗೊತ್ತಿತ್ತೇಳೋ," ಅಂದ. "ನೀ ಸಣ್ಣಾವಿದ್ದಾಗಿಂದ ಹಂಗ. ಭಾಳ ತಡಾ ಮಾಡಿದಿ."

"ಹೂಂ."

"ಊಟಾ ಆತೇನು?"

ಇಲ್ಲ ಅಂದೆ. ಇನ್ನೂ ಸ್ವಲ್ಪ ಹೊತ್ತು ಮಾತಾಡಿದೆವು. ಫೋನ್ ಇಟ್ಟು, ರೂಢಿಯಂತೆ ಅಡುಗೆಮನೆಯ ಕಡೆ ತಿರುಗಿದೆ. ಮಾತಾಡಿದಿರೇನು ಅಂತ ಕೇಳುವವಳು ಅಲ್ಲಿಲ್ಲ.